ಹಗೇವಿನ ಮೇಲೆ ಅತ್ತೆಯ ಕಲ್ಲೊಲೆ

1988, ಫೆಬ್ರವರಿ 9, ಬೆಳಿಗ್ಗೆ ಏಳೂವರೆ. ಅತ್ತೆಯ ಕಲ್ಲೊಲೆ ನಮ್ಮ ಮನೆಯ ಮುಂದೆ ಚಕ್ಕಡಿಯಿಂದ ಇಳಿಯಿತು. ಇಳಿಸಲು ಐದು ಜನ ಬೇಕಾಯಿತು.

ಅತ್ತೆ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಕೊಕಟನೂರು ಬಿಟ್ಟು ತೆಲಸಂಗಕ್ಕೆ, ತವರಿಗೆ ಬಂದಳು. ಅಲ್ಲಿಂದ ತಂದದ್ದು ಈ ಎರಡು ಬಾಯಿಯ ಕರಿಕಲ್ಲಿನ ಒಲೆ ಒಂದೇ.

"ಬಂಗಾರ ಬಿಟ್ಟು ಬಂಡಿ ಕಲ್ಲು ತಂದಾಳ," ಎಂದಳು ಆಯಿ, ಅಪ್ಪನ ತಾಯಿ.

"ಬಂಗಾರದ ಮ್ಯಾಲ ರೊಟ್ಟಿ ಬೇಯೂದಿಲ್ಲ ಬೇ ಯವ್ವಾ," ಎಂದಳು ಅತ್ತೆ.

ನಮ್ಮ ಗಡಿಯ ಊರುಗಳಲ್ಲಿ ಊಟಕ್ಕೆ ಕರೆಯುವವರು ಮನೆ ಎಣಿಸುವುದಿಲ್ಲ, ಒಲೆ ಎಣಿಸುತ್ತಾರೆ. ಒಲೆ ಆರಿಸಿ ಮನೆಮಂದಿಯೆಲ್ಲ ಬನ್ನಿ ಎನ್ನುವ ಕರೆಗೆ ಮರಾಠಿಯ ಹೆಸರೇ ನಿಂತಿದೆ, ಚೂಲಬಂದ್. ಸ್ವಂತ ಒಲೆ ಇಲ್ಲದ ಹೆಂಗಸು ಅಣ್ಣನ ಲೆಕ್ಕದಲ್ಲಿ ಸೇರಿಹೋಗುತ್ತಾಳೆ. ಅತ್ತೆಗೆ ಬೇಕಾದದ್ದು ಅಡುಗೆ ಮಾಡುವ ಜಾಗವಷ್ಟೇ ಅಲ್ಲ, ಆ ಕರೆ. ಅದು ಅಪ್ಪನಿಗೂ ಗೊತ್ತಿತ್ತು.

"ಮ್ಯಾಲಿನ ಮಹಡಿ ಹಲಗಿದು, ಜಂತಿ ತಾಳೂದಿಲ್ಲ," ಎಂದ ಅಪ್ಪ. "ಪಡಸಾಲ್ಯಾಗ ಇಟ್ಟರ ಫರಸಿ ಕಲ್ಲು ಸೀಳತೈತಿ. ಒಂದ ಮನ್ಯಾಗ ಎರಡು ಒಲಿ ಯಾಕ್ಬೇಕು?"

"ಒಲಿ ನಂದು, ನೆಲಾ ನಿಂದು. ಎಲ್ಲಿಡ್ಲಿ ಅಷ್ಟ ಹೇಳಣ್ಣ."

ಅಪ್ಪ ತುಸು ಯೋಚಿಸಿ ಹಿತ್ತಲ ಕೋಣೆ ತೋರಿಸಿದ. ಸೆಗಣಿ ಸಾರಿಸಿದ ಮಣ್ಣಿನ ನೆಲ. ಅಂದೇ ಒಲೆ ಕೂತಿತು.

ಹತ್ತನೆಯ ದಿನಕ್ಕೆ ಸಾರಿನ ಗಡಿಗೆ ಎಡಕ್ಕೆ ಜಾರಿ ಬೆಂಕಿಯ ಮೇಲೆ ಚೆಲ್ಲಿತು. ಒಲೆ ಎಡಕ್ಕೆ ವಾಲಿತ್ತು. ಅತ್ತೆ ಎಡಗಡೆ ಹಂಚಿನ ಚೂರು ತುರುಕಿದಳು. ನಾಲ್ಕು ದಿನಕ್ಕೆ ಅದೂ ಹೂತುಹೋಯಿತು.

"ಮನಿ ಒಲ್ಲೆ ಅನ್ನಾಕತ್ತೈತಿ," ಎಂದಳು ಆಯಿ.

ಅಪ್ಪನಿಗೆ ಅಷ್ಟು ಸಾಕಾಯಿತು. "ಯುಗಾದಿ ಒಳಗ ನೆಟ್ಟಗ ನಿಲ್ಲಲಿಲ್ಲಂದ್ರ ಆ ಒಲಿ ದನದ ಮನಿಗೆ. ನೀ ನಮ್ಮ ಒಲಿ ಮ್ಯಾಲ ಉಣ್ಣು."

ನಾನಾಗ ಅಥಣಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದೆ. ಮನೆಗೆ ಬಾಯಿ ಇದ್ದರೆ ಅದು ಒಲೆಯ ಎರಡೂ ಬದಿಗೆ ಒಲ್ಲೆ ಅನ್ನಬೇಕಲ್ಲ, ಎಡಕ್ಕೆ ಮಾತ್ರ ಏಕೆ? ಹಿಂಬದಿಯ ಗೋಡೆಗೆ ಅಡ್ಡಲಾಗಿ ದಾರ ಬಿಗಿದು, ಒಲೆಯ ಎರಡೂ ಮೂಲೆಗಳ ನೇರಕ್ಕೆ ಇದ್ದಿಲಿನಿಂದ ಗೆರೆ ಹಾಕಿದೆ. ದಿನಾ ಬಸ್ಸಿಗೆ ಹೋಗುವ ಮುಂಚೆ ನೋಡುತ್ತಿದ್ದೆ. ಬಲಮೂಲೆ ಗೆರೆ ಬಿಟ್ಟು ಅಲುಗಲಿಲ್ಲ. ಎಡಮೂಲೆ ವಾರದಲ್ಲಿ ಅರ್ಧ ಬೆರಳು ಇಳಿಯಿತು. ನೆಲ ಸಾರಿಸಿದ ಮರುದಿನ ಜಾಸ್ತಿ ಇಳಿಯುತ್ತಿತ್ತು. ಒನಕೆಯಿಂದ ನೆಲ ಕುಟ್ಟಿದೆ. ಬಲಕ್ಕೆ ಗಟ್ಟಿ ಸದ್ದು. ಎಡಕ್ಕೆ, ತುಂಬದ ಚೀಲಕ್ಕೆ ಹೊಡೆದ ಹಾಗೆ.

"ಆಯಿ, ಇಲ್ಲೇನಿತ್ತು?"

"ನೆಲಾ ಇತ್ತು."

"ನೆಲದ ಕೆಳಗ?"

"ಮುಚ್ಚಿದ್ದರ ಹೆಸರು ಎತ್ತಬಾರ್ದು. ಮನಿ ಬರಕತ್ ಹೋಗತೈತಿ."

ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಹೆಸರು ಎತ್ತಬಾರದ್ದು ನಮ್ಮ ಮನೆಯಲ್ಲಿ ಒಂದೇ: ನೆಲದಡಿ ಜೋಳ ತುಂಬಿಡುವ ಗುಂಡಿ, ಹಗೇವು. ಬರಿದಾದ ಹಗೇವನ್ನು ಮಣ್ಣು ಹಾಕಿ ಮುಚ್ಚಿದ ಮೇಲೆ ಅದು ಎಲ್ಲಿತ್ತೆಂದು ಯಾರೂ ಹೇಳುವುದಿಲ್ಲ. ಇದನ್ನು ಮುಚ್ಚಿದಾಗ ಅತ್ತೆ ಹುಟ್ಟಿರಲಿಲ್ಲ. ಅಪ್ಪ ಹತ್ತು ವರ್ಷದವನು.

ಸಂಜೆ ಅಪ್ಪ ಹೊಲದಿಂದ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತು. "ನಿನಗ ಗೊತ್ತಿತ್ತಲ್ಲಣ್ಣ?"

ಅಪ್ಪ ತಂಬಾಕಿನ ಚಂಚಿ ಹುಡುಕುತ್ತ ಹೊರಗೆ ಹೋದ. ಚಂಚಿ ಅವನ ಕೈಯಲ್ಲೇ ಇತ್ತು.

"ಅಗೀರಿ," ಎಂದಳು ಅತ್ತೆ. ಅಗೆಯಲು ಇದ್ದವರು ಅವಳು, ನಾನು ಮತ್ತು ನನ್ನ ಅವ್ವ. ಅವ್ವ ಅಪ್ಪನನ್ನು ಕೇಳದೆ ಸೆರಗು ಸಿಕ್ಕಿಸಿ ಬಂದಳು.

ಹಗೇವಿಗೆ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಾಯಿಯ ಅಂಚಿಗೆ ಚಪ್ಪಡಿ ಹಾಸಿದರೆ ಅಂಚೇ ಒಳಗೆ ಕುಸಿಯುತ್ತದೆ. ಒಲೆಯನ್ನು ಹಾರೆಯಿಂದ ಮೀಟಿ ಬದಿಗೆ ಸರಿಸಿದೆವು. ಹೊಟ್ಟೆ ಎಲ್ಲಿಯವರೆಗಿದೆ ಎಂದು ತಿಳಿಯಲು ನಾನು ಕೋಣೆಯ ತುಂಬ ಒನಕೆ ಕುಟ್ಟುತ್ತ, ಸದ್ದು ಬದಲಾದಲ್ಲೆಲ್ಲ ಸುಣ್ಣದ ಚುಕ್ಕಿ ಇಟ್ಟೆ. ಚುಕ್ಕಿಗಳು ಕೂಡಿ ಬಂಡಿಯ ಗಾಲಿಯಷ್ಟು ದುಂಡಗಾದವು. ಸಡಿಲ ಮಣ್ಣನ್ನು ಸೊಂಟದ ಆಳಕ್ಕೆ ತೆಗೆದು, ಕಲ್ಲು, ಗರಸು ಮಣ್ಣು ತುಂಬಿ ಪದರ ಪದರವಾಗಿ ಕುಟ್ಟಿದೆವು. ಇನ್ನು ಆ ದುಂಡಿನ ಆಚೆ ಈಚೆ ಗಟ್ಟಿ ನೆಲದ ಮೇಲೆ ಮೊಳಮೊಳ ಕೂರುವಂಥ ಉದ್ದ ಕಲ್ಲು ಬೇಕಿತ್ತು. ಅಂಥವು ಮನೆಯಲ್ಲಿದ್ದದ್ದು ಎರಡೇ, ದನದ ಮನೆಯ ಬಾಗಿಲಲ್ಲಿ ಮೆಟ್ಟಿಲಾಗಿ ಬಿದ್ದಿದ್ದವು.

ಅತ್ತೆ ಹಾರೆ ತೆಗೆದುಕೊಂಡು ನಡೆದಳು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎದ್ದು ನಿಂತ.

"ಒಲಿ ದನದ ಮನಿಗೆ ಕಳಸ್ತೀನಿ ಅಂದಿದ್ಯಲ್ಲಣ್ಣ," ಎಂದಳು ಹಾರೆ ಊರುತ್ತ. "ಅದು ದೂರ ಆಕ್ಕೈತಿ. ದನದ ಮನೀನ ಒಲಿ ಕಡೆ ತರಾಕತ್ತೀನಿ."

ಅವ್ವ ನಕ್ಕಳು. ಅಪ್ಪ ಕೂತ.

ದುಂಡು ಕೋಲುಗಳ ಮೇಲೆ ಉರುಳಿಸಿ ಎರಡೂ ಕಲ್ಲು ತಂದು ಹಾಸಿದೆವು. ಒಲೆಯನ್ನೂ ಹಾಗೆಯೇ ಮೀಟಿ, ಉರುಳಿಸಿ ಅವುಗಳ ಮೇಲೆ ಕೂರಿಸಿದೆವು. ಅದನ್ನು ಗೋಡೆಗೆ ಕಚ್ಚಿಸೋಣವೆ ಎಂದು ಅವ್ವ ಕೇಳಿದಳು. ಅತ್ತೆ ಬೇಡ ಎಂದಳು. "ಗ್ವಾಡಿ ಹಿಡಕೊಂಡು ನಿಂತೈತಿ ಅನ್ನೂದು ಬ್ಯಾಡ. ತನ್ನ ಕಾಲ ಮ್ಯಾಲ ನಿಲ್ಲಲಿ." ನಾಲ್ಕು ಬೆರಳು ಸಂದು ಬಿಟ್ಟೆವು. ನಾನು ದಾರ ಬಿಗಿದು ಹೊಸ ಗೆರೆ ಹಾಕಿದೆ. ಅತ್ತೆ ತುಂಬಿದ ಗಡಿಗೆ ಎರಡೂ ಬಾಯಿಗೆ ಇಟ್ಟು ದಿನವೂ ಉರಿಸಿದಳು. ಗೆರೆ ಬಿಟ್ಟು ಒಲೆ ಕದಲಲಿಲ್ಲ.

ಮಾರ್ಚ್ 16, ಯುಗಾದಿಗೆ ಎರಡು ದಿನ ಮೊದಲು, ಓಣಿಯ ಹಿರಿಯರೊಬ್ಬರು ಮಗಳ ಕುಬಸದ, ಅಂದರೆ ಸೀಮಂತದ, ಊಟಕ್ಕೆ ಕರೆಯಲು ಬಂದರು. ನನ್ನ ಅವ್ವನಿಗೆ "ಚೂಲಬಂದ್ ರೀ ತಂಗೀ," ಎಂದರು. ಆಮೇಲೆ ಹಿತ್ತಲ ಹೊಗೆ ನೋಡಿ ಅಪ್ಪನನ್ನು ಕೇಳಿದರು, "ಅದ್ಯಾರದು ಒಲಿ?"

ಅಪ್ಪ ತಂಬಾಕಿನ ಚಂಚಿ ಸೊಂಟಕ್ಕೆ ಸಿಕ್ಕಿಸಿದ. "ತಂಗೀದು," ಎಂದ.

ಹಿರಿಯರು ಹಿತ್ತಲಿಗೆ ಸುತ್ತಿ ಹೋಗಿ ಅತ್ತೆಯ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದರು. ಅತ್ತೆ ಏಳಲಿಲ್ಲ. "ಬರ್ತೀನ್ರಿ. ಒಲಿ ಆರಿಸಿ ಬರ್ತೀನಿ."

ಈಗ ನನಗೂ ಅತ್ತೆಗೂ ಮೇಲಿನ ಮಹಡಿಯ ಮೇಲೆ ಕಣ್ಣು: ಅಪ್ಪ ಮೊದಲ ದಿನ ತಾಳುವುದಿಲ್ಲ ಎಂದ ಜಾಗದಲ್ಲೇ ಒಲೆ ಹೂಡಬೇಕು. ಹಲಗೆಯ ನೆಲದ ಮೇಲೆ ಇಂಥ ಭಾರದ ಒಲೆ ಹೂಡಿದವರು ಓದುಗರಲ್ಲಿ ಯಾರಾದರೂ ಇದ್ದರೆ, ಜಂತಿಗೆ ಏನು ಆಸರೆ ಕೊಟ್ಟಿರಿ, ಹಲಗೆ ಸುಡದಂತೆ ನಡುವೆ ಏನು ಹಾಸಿದಿರಿ ಎಂದು ಬರೆದು ತಿಳಿಸಿ. ತಾಳುವುದಿಲ್ಲ ಎನ್ನುವವರು ಬರೆಯಬೇಕಿಲ್ಲ. ಅಂಥವರು ನಮ್ಮ ಮನೆಯಲ್ಲೇ ಇದ್ದಾರೆ.