ಏಕಾಂತಪ್ಪನವರ ಓರೆ ಸ್ಟ್ಯಾಂಡ್

ಭದ್ರಾವತಿ ಹಳೇನಗರದ ತಗಡಿನ ಶೆಡ್ಡಿನಲ್ಲಿ ಬೆಳಗಿನ ಐದಕ್ಕೇ ಡೀಸೆಲ್ ಎಂಜಿನ್ ಗುಡುಗುತ್ತಿದೆ. ಅಕ್ಕಪಕ್ಕದವರು ಬೈದು ಬೈದು ಸುಸ್ತಾಗಿದ್ದಾರೆ. ಏಕಾಂತಪ್ಪ ಮಾತ್ರ ಎಂಜಿನ್ನಿಗೆ ಉದ್ದದ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿಕೊಟ್ಟು ಒಳಗಿನ ಸದ್ದು ಕೇಳುತ್ತ ಕೂತಿದ್ದಾರೆ. ಎದುರಿಗೆ ಅದನ್ನು ಕೊಳ್ಳಲು ಬಂದಿರುವ ಚೌಡಪ್ಪ, ಭದ್ರಾ ಹಿನ್ನೀರಿನ ದೋಣಿಯವರು. ಇನ್ನೂ ಹ್ಞೂಂ ಅಂದಿಲ್ಲ, ಉಹ್ಞೂಂ ಅಂದಿಲ್ಲ.

ಗುಜರಿಗೆ ಬಿದ್ದ ಎಂಜಿನ್ ತಂದು, ಬಿಚ್ಚಿ, ಪಿಸ್ಟನ್ನು ಬೇರಿಂಗು ಬದಲಿಸಿ ಮರುಜೀವ ಕೊಡುವುದು ಐವತ್ತೆಂಟರ ಏಕಾಂತಪ್ಪನವರ ಮೂವತ್ತು ವರ್ಷದ ಕಸುಬು. ತಿಂಗಳಿಗೆ ಎರಡೇ, ಹೆಚ್ಚಿಗೆ ಒಪ್ಪುವ ಆಸಾಮಿಯಲ್ಲ. ಹೊಸದು ಕೊಳ್ಳುವ ತ್ರಾಣವಿಲ್ಲದ ಪಂಪ್‌ಸೆಟ್ಟಿನವರು, ಸಣ್ಣ ಮಿಲ್ಲಿನವರೇ ಗಿರಾಕಿಗಳು.

ಎರಡು ವರ್ಷದ ಹಿಂದೆ, 1996ರಲ್ಲಿ, ಚೌಡಪ್ಪನವರ ದೋಣಿಗೂ ಒಂದು ಕೊಟ್ಟಿದ್ದರು. ನೆಲದ ಮೇಲೆ ಸಮವಾಗಿಟ್ಟು ಆರು ಗಂಟೆ ಓಡಿಸಿದ್ದರು, ಒಮ್ಮೆಯೂ ಕೆಮ್ಮಿರಲಿಲ್ಲ. ಆದರೆ ದೋಣಿಯಲ್ಲಿ ಎಂಜಿನ್ ಕೂರುವುದು ಹಿಂದಕ್ಕೆ ವಾಲಿಕೊಂಡು. ಆಯಿಲೆಲ್ಲ ಹಿಂದಕ್ಕೆ ಹರಿಯಿತು, ಅದನ್ನು ಮೇಲೆಳೆಯಲು ಮುಂದಿದ್ದ ಪೈಪು ಬರೀ ಗಾಳಿ ಹೀರಿತು. ನಡುನೀರಿನಲ್ಲಿ ಆಯಿಲಿಲ್ಲದೆ ಬೇರಿಂಗ್ ಕಚ್ಚಿ ಎಂಜಿನ್ ನಿಂತಿತು. ಅಂದು ಎದೆನೋವೆಂದು ಆಸ್ಪತ್ರೆಗೆ ಹೊರಟು ದೋಣಿಯಲ್ಲಿ ಮಲಗಿದ್ದವರು ಹಾಲಮ್ಮ, ಚೌಡಪ್ಪನವರ ತಾಯಿ. ಹುಟ್ಟು ಹಾಕಿ ದಡ ಮುಟ್ಟಿಸುವಷ್ಟರಲ್ಲಿ ಜೀವ ಹೋಗಿತ್ತು.

"ಆಯಮ್ಮಂದು ಋಣ ಅಷ್ಟೇ ಇತ್ತು ಅಂದ್ರು ಎಲ್ರೂ. ಎಂಥ ಋಣ? ಓರೆ ಇಟ್ಟು ನೋಡ್ಬೇಕಿತ್ತು, ನಾನು ನೋಡ್ಲಿಲ್ಲ," ಎನ್ನುತ್ತಾರೆ ಏಕಾಂತಪ್ಪ. ಹೇಳುವಾಗ ಕಣ್ಣು ತುಂಬುತ್ತದೆ, ಮರೆಮಾಚುವುದಿಲ್ಲ. ತಿಥಿಯ ದಿನ ಹೋಗಿ ನೆಂಟರೆಲ್ಲರ ಎದುರೇ ತಪ್ಪು ತನ್ನದೆಂದು ಹೇಳಿ ಬಂದರಂತೆ. ಮರುವಾರವೇ ಕಬ್ಬಿಣದ ಓರೆ ಸ್ಟ್ಯಾಂಡ್ ಬೆಸೆದರು. ಅಲ್ಲಿಂದೀಚೆಗೆ ಪಂಪ್‌ಸೆಟ್ಟಿನ ಎಂಜಿನ್ನೂ ಅದರ ಮೇಲೆ ಆರು ಗಂಟೆ ಓಡಲೇಬೇಕು.

ಚೌಡಪ್ಪ ಎರಡು ವರ್ಷದಿಂದ ಹುಟ್ಟು ಹಾಕಿಯೇ ಜನರನ್ನು ದಾಟಿಸುತ್ತಿದ್ದಾರೆ. ಈಗ ಬಲಭುಜ ಮೇಲೇಳುವುದಿಲ್ಲ. "ಶಿವಮೊಗ್ಗದಲ್ಲೆಲ್ಲ ವಿಚಾರಿಸ್ದೆ. ಎಲ್ರೂ ಗ್ಯಾರಂಟಿ ಅಂತಾರೆ. ತಪ್ಪು ನಂದು ಅಂದೋನು ಇವ್ನೊಬ್ನೇ," ಎನ್ನುತ್ತಾರೆ. ಆದರೂ ಎಂಜಿನ್ ಮುಟ್ಟಲು ಅವರಿಗೆ ಧೈರ್ಯ ಸಾಲದು.

ಹನ್ನೊಂದಕ್ಕೆ, ಓರೆ ಸ್ಟ್ಯಾಂಡಿನ ಮೇಲೆ ಆರು ಗಂಟೆ ತುಂಬಿದಾಗ, ಏಕಾಂತಪ್ಪ ಎಂಜಿನ್ ಆರಿಸುತ್ತಾರೆ. ಆಯಿಲ್ ಪೈಪನ್ನು ಹಿಂಬದಿಗೆ ಎಳೆದಿರುವುದನ್ನು ತೋರಿಸುತ್ತಾರೆ. ಚೌಡಪ್ಪ ಬಗ್ಗಿ ನೋಡಿ, ಮೊದಲ ಸಲ ಎಂಜಿನ್ ಮೇಲೆ ಕೈಯಿಡುತ್ತಾರೆ.

"ಮೊದಲ್ನೇ ಟ್ರಿಪ್ಪಲ್ಲಿ ಇದ್ರ ಪಕ್ಕ ನಾನೇ ಕೂರ್ತೀನಿ," ಎನ್ನುತ್ತಾರೆ ಏಕಾಂತಪ್ಪ.

"ಈಜು ಗೊತ್ತೇನೋ ನಿಂಗೆ?"

"ಗೊತ್ತಿಲ್ಲ ಮಾರಾಯ. ಅದಕ್ಕೇ ಕೂರ್ತೀನಿ ಅಂದಿದ್ದು."