ಸೆಣಬು ಕುಡಿದ ಬೆವರು

ಕೃತಕ ಕಾಲು ತಯಾರಾದ ಮೇಲೆ, ಅದನ್ನು ತೊಡುವವರ ಕಣ್ಣೆದುರಿಗೇ ಚಮಚದ ಹಿಂಬದಿಯಿಂದ ಸುತ್ತಲೂ ತಟ್ಟಿ ತೋರಿಸುವುದು ಅಳತೆ ಮೇಷ್ಟ್ರ ಪದ್ಧತಿ. ಒಳಗಿನ ಪದರಗಳು ಒಂದಕ್ಕೊಂದು ಗಟ್ಟಿಯಾಗಿ ಹಿಡಿದಿದ್ದರೆ ಟಣ್ ಎನ್ನುತ್ತದೆ. ಎಲ್ಲಾದರೂ ಬಿಟ್ಟುಕೊಂಡಿದ್ದರೆ ಡಬ್ ಎನ್ನುತ್ತದೆ. ಡಬ್ ಎಂದದ್ದನ್ನು ಅವರು ಯಾರಿಗೂ ಕೊಟ್ಟವರಲ್ಲ.

ಮೇಷ್ಟ್ರು ಎಂದರೂ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೊದಲು ಬಡಗಿಯಾಗಿದ್ದರು. ನೆಂಟರ ಮನೆಗೆ ಹೋದರೂ ಕುರ್ಚಿಯ ಕಾಲು ಸಮವಾಗಿದೆಯೇ ಎಂದು ಬಗ್ಗಿ ನೋಡುವ ಚಾಳಿಗೆ ಸಿಕ್ಕ ಬಿರುದು ಅದು. ಅವರ ತಂಗಿ ಹುಡುಗಿಯಾಗಿದ್ದಾಗ ಬಸ್ಸಿನ ಚಕ್ರಕ್ಕೆ ಸಿಕ್ಕಿ ಮೊಣಕಾಲ ಕೆಳಗಿನ ಭಾಗ ಕಳೆದುಕೊಂಡಳು. ಆಸ್ಪತ್ರೆಯಲ್ಲಿ ಕೊಟ್ಟ ಕಾಲು ಭಾರವಾಗಿತ್ತು, ಉಜ್ಜುತ್ತಿತ್ತು. ಸಂಜೆಯಾದರೆ ಅವಳು ಬಾಗಿಲು ಹಾಕಿಕೊಂಡು ರಕ್ತದ ಕಲೆಯಾದ ಬಟ್ಟೆ ಒಗೆಯುತ್ತಿದ್ದಳು. ಅದನ್ನು ನೋಡಲಾರದೆ ಅಣ್ಣ ಬಡಗಿತನ ಬಿಟ್ಟು, ಕೃತಕ ಕಾಲು ಮಾಡುವವರ ಬಳಿ ಸೇರಿ ಕೆಲಸ ಕಲಿತರು. ಈಗ ಮನೆಯ ಕೆಳಗಿನ ಕೋಣೆ ಅವರ ಕಾರ್ಖಾನೆ, ಮೇಲಿನ ಕೋಣೆ ತಂಗಿಯ ಹೊಲಿಗೆ ಅಂಗಡಿ.

ಮೊಂಡುಗಾಲು ಕೂರುವ ಬಟ್ಟಲಿನಂಥ ಭಾಗವೇ ಕೃತಕ ಕಾಲಿನ ಜೀವ. ಅದನ್ನು ಬರೀ ಗಾಜಿನ ನಾರು ಮತ್ತು ರಾಳದಿಂದ ಮಾಡಿದರೆ ಗಟ್ಟಿ, ಆದರೆ ಪ್ರತಿ ಹೆಜ್ಜೆಯ ಪೆಟ್ಟು ಮೂಳೆಗೆ ಹೋಗುತ್ತದೆ. ಮೇಷ್ಟ್ರು ಹಲವು ಬಗೆ ಮಾಡಿ ನೋಡಿ, ಒಳಗೂ ಹೊರಗೂ ಗಾಜಿನ ನಾರು, ನಡುವೆ ಸೆಣಬಿನ ಬಟ್ಟೆ ಎಂಬ ಹದಕ್ಕೆ ಬಂದಿದ್ದರು. ಸೆಣಬು ಹಗುರ, ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ. ಅದಕ್ಕಿರುವ ದುರ್ಗುಣ ಒಂದೇ, ನೀರು ಕಂಡರೆ ಕುಡಿಯುತ್ತದೆ. ಹಾಗಾಗಿ ಬಟ್ಟೆಯನ್ನು ಒಲೆಯ ಬಿಸಿಗೆ ಹಿಡಿದು ಗರಿಗರಿಯಾಗುವಂತೆ ಒಣಗಿಸಿ, ರಾಳ ಉಣಿಸಿ, ಕೊನೆಗೆ ಬಟ್ಟಲಿನ ಬಾಯಂಚನ್ನೆಲ್ಲ ಮತ್ತೆ ರಾಳದಿಂದ ಮುಚ್ಚುತ್ತಿದ್ದರು.

ತಂಗಿ ಮೊದಲ ಸಲ ಅದನ್ನು ತೊಟ್ಟು ಅಂಗಡಿಯ ಉದ್ದಕ್ಕೂ ನಡೆದಾಗ, "ಅಣ್ಣಾ, ಇದು ಕಾಲೋ ಕಾಲುಚೀಲಾನೋ?" ಎಂದಿದ್ದಳು.

"ಚೀಲಾನೇ ಕಣೇ. ಒಳಗಿರೋದು ನಿನ್ನ ಕಸುಬಿನ ಬಟ್ಟೇನೇ," ಎಂದಿದ್ದರು ಮೇಷ್ಟ್ರು, ಹೆಮ್ಮೆಯಿಂದ. ಆಮೇಲೆ ಬಂದ ಗಿರಾಕಿಗಳಿಗೂ ಅದನ್ನೇ ಹೇಳುತ್ತಿದ್ದರು.

ಬೇಸಿಗೆ ಕಳೆಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಮೇಷ್ಟ್ರು ಉಜ್ಜುಕಾಗದ ಹಿಡಿದು ಕೂತಿದ್ದಾಗ ತಂಗಿ ಮೆಟ್ಟಿಲಿಳಿದು ಬಂದಳು. ಅವಳ ಹೆಜ್ಜೆಯ ಸದ್ದು ಅವರಿಗೆ ಬಾಯಿಪಾಠ. ಅಂದು ಅದರ ಜೊತೆ ಇನ್ನೊಂದು ಸಣ್ಣ ಸದ್ದಿತ್ತು, ಒಣ ಎಲೆ ತುಳಿದ ಹಾಗೆ. ಅವಳು ಹತ್ತಿರ ಬಂದಾಗ ನೆನೆದ ಗೋಣಿಯ ವಾಸನೆ ಬಂತು.

"ಕಾಲು ಬಿಚ್ಚು ನೋಡೋಣ."

"ಈಗಲಾ? ಬ್ಲೌಸ್ ಒಯ್ಯೋಕೆ ಜನ ಬರ್ತಾರೆ. ನಿಂಗೆ ಬೇರೆ ಕೆಲ್ಸ ಇಲ್ವಾ?"

"ಬಿಚ್ಚು ಅಂದ್ನಲ್ಲ."

ದನಿ ಕೇಳಿ ಅವಳು ಸ್ಟೂಲಿನ ಮೇಲೆ ಕೂತು ಕಾಲು ಬಿಚ್ಚಿ ಕೊಟ್ಟಳು. ಬಟ್ಟಲಿನ ಮೇಲಂಚಿನ ಕೆಳಗೆ ಸುತ್ತಲೂ ಸಾಲಾಗಿ ತೂತುಗಳಿದ್ದವು. ಒಂದೊಂದಕ್ಕೂ ಶೂ ಲೇಸಿನ ತೂತಿಗೆ ಹಾಕುವಂಥ ಹಿತ್ತಾಳೆಯ ಪುಟ್ಟ ಉಂಗುರ. ಪ್ರತಿ ಉಂಗುರದ ಸುತ್ತ, ಹೊರಗಿನ ಗಾಜಿನ ಪದರದ ಅಡಿಯಲ್ಲಿ, ಚಹಾ ಚೆಲ್ಲಿದಂಥ ಕಂದು ಕಲೆ ಹರಡಿತ್ತು.

"ಇದೇನೇ ಇದು?"

"ಸೆಕೆ ತಡಿಯಕ್ಕಾಗ್ಲಿಲ್ಲ. ಗಾಳಿಗೆ ಅಂತ ನಿನ್ನ ಡ್ರಿಲ್ ತಗೊಂಡು ನಾನೇ ಕೊರೆದೆ. ಹಾಗೇ ಬಿಡ್ಲಿಲ್ಲ ನೋಡು, ಬಟ್ಟೆ ಹರೀಬಾರದು ಅಂತ ಉಂಗುರಾನೂ ಹೊಡ್ದಿದೀನಿ."

ಹೊಲಿಗೆಯವಳ ಲೆಕ್ಕದಲ್ಲಿ ಅದು ಸರಿಯೇ. ಬಟ್ಟೆಯ ತೂತು ಹರಿಯುವುದು ಅಂಚಿನಿಂದ. ಅಂಚು ಕಟ್ಟಿದರೆ ಮುಗಿಯಿತು. ಆದರೆ ಇಲ್ಲಿ ಪ್ರತಿ ತೂತೂ ಸೆಣಬಿನ ಎಳೆಗಳನ್ನು ಕತ್ತರಿಸಿ ಬಾಯಿ ತೆರೆದಿತ್ತು. ಉಂಗುರ ಆ ಬಾಯಿಯನ್ನು ಮುಚ್ಚಲಿಲ್ಲ, ಬೆವರನ್ನು ಅದರ ಪಕ್ಕದಲ್ಲೇ ಹಿಡಿದಿಟ್ಟಿತು. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಎಳೆಗಳು ಬೇಸಿಗೆಯಿಡೀ ಬೆವರು ಎಳೆದಿದ್ದವು.

ಮೇಷ್ಟ್ರು ಚಮಚದಿಂದ ತಟ್ಟಿದರು. ಡಬ್. ಪಕ್ಕದಲ್ಲೂ ಡಬ್. ಹಿಂದೆ, ಭಾರ ಬೀಳುವ ಕಡೆಯಲ್ಲೂ ಅದೇ. ಅವರು ಗರಗಸ ಕೈಗೆತ್ತಿಕೊಂಡರು.

"ಅಯ್ಯೋ, ಬೇಡ ಅಣ್ಣಾ! ಮತ್ತೆ ಆ ಹಳೇ ಕಾಲಿಗೆ ಹೋಗ್ಬೇಕಾ ನಾನು? ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ—"

ಅವರು ಕೊಯ್ದೇಬಿಟ್ಟರು. ಬಟ್ಟಲು ಎರಡು ಹೋಳಾಯಿತು. ಹೊರಗಿನ ಗಾಜಿನ ಪದರ ಸಿಪ್ಪೆಯಂತೆ ಬೆರಳಿಗೇ ಎದ್ದು ಬಂತು. ನಡುವಿನ ಸೆಣಬು ಕಪ್ಪಾಗಿ, ಹಿಸುಕಿದರೆ ಪುಡಿಯಾಗುತ್ತಿತ್ತು. ಇಷ್ಟು ದಿನ ಇದನ್ನು ತೊಟ್ಟು ಮೆಟ್ಟಿಲು ಹತ್ತಿಳಿದಿದ್ದ ತಂಗಿ ಆ ಪುಡಿಯನ್ನು ನೋಡುತ್ತಾ ಕೂತಳು. ಅವಳ ಮುಖ ಬಿಳಿಚಿಕೊಂಡದ್ದು ತನ್ನ ಕಾಲಿನ ಯೋಚನೆಯಿಂದಲ್ಲ ಎಂದು ಮೇಷ್ಟ್ರಿಗೆ ಗೊತ್ತಾದದ್ದು ಆಮೇಲೆ.

"ಅಣ್ಣಾ, ಆ ಪೇಂಟರ್ ಇದಾನಲ್ಲ..."

"ಯಾರು?"

"ಇದೇ ಥರದ್ದು ಇನ್ನೊಂದು ಮಾಡ್ಕೊಟ್ಯಲ್ಲ, ಆ ಪೇಂಟರ್. ಅಂಗಿ ಹೊಲಿಸೋಕೆ ಬಂದಿದ್ದ. ನನ್ನ ತೂತು ನೋಡಿ, ಅಕ್ಕಾ, ನಂಗೂ ಕಿಟಕಿ ಇಡಿ ಅಂದ. ಕೊರೆದ್ಕೊಟ್ಟೆ."

ಮೇಷ್ಟ್ರು ಚಪ್ಪಲಿ ಹುಡುಕಿದರು. ತಂಗಿ ಅಟ್ಟದಿಂದ ಹಳೆಯ ಕಾಲನ್ನು ತೆಗೆಸಿಕೊಂಡು ಪಟ್ಟಿ ಬಿಗಿದಳು. ಪೇಂಟರನ ಮನೆ ಮೂರು ಬೀದಿ ಆಚೆ. ದಾರಿಯಲ್ಲಿ ಅವಳು ಹಲ್ಲು ಕಚ್ಚಿಕೊಂಡು ನಡೆದಳು, ಹಿಂದೆ ಬೀಳಲಿಲ್ಲ.

ಬಾಗಿಲು ತೆರೆದವಳು ಪೇಂಟರನ ಹೆಂಡತಿ. "ಬನ್ನಿ ಬನ್ನಿ, ನೀವೇ ನಮ್ ಪಾಲಿನ ದೇವ್ರು. ಅವರು ಎರಡು ವರ್ಷ ಬರೀ ಗೇಟು, ಕಾಂಪೌಂಡು ಅಂತ ನೆಲದ ಮೇಲೇ ಬಳಿದ್ರು. ಈ ಕಾಲು ಬಂದ್ಮೇಲೆ ಮತ್ತೆ ಎತ್ತರದ ಕೆಲ್ಸ ಹಿಡಿದಿದಾರೆ. ಅಗೋ, ಅಲ್ಲಿ."

ಬೀದಿಯ ತುದಿಯಲ್ಲಿ ನೀರಿನ ಟ್ಯಾಂಕು. ಅದರ ಕಂಬಕ್ಕೆ ಕಬ್ಬಿಣದ ಏಣಿ. ಏಣಿಯ ಮೇಲ್ಭಾಗದಲ್ಲಿ, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ನಿಂತು ಒಬ್ಬ ಮನುಷ್ಯ ನೀಲಿ ಬಣ್ಣ ಬಳಿಯುತ್ತಿದ್ದ.

ಮೂವರೂ ಓಡಿದರು. ಏಣಿಯ ಬುಡ ತಲುಪುತ್ತಲೇ ತಂಗಿ ಕೂಗಲು ಬಾಯಿ ತೆರೆದಳು. ಮೇಷ್ಟ್ರು ಅವಳ ತೋಳು ಹಿಡಿದರು. ಅವನು ನಿಂತಿರುವವರೆಗೆ ಭಾರ ಎರಡು ಕಾಲಿಗೆ ಹಂಚಿಹೋಗಿತ್ತು. ಇಳಿಯತೊಡಗಿದರೆ ಒಂದೊಂದು ಮೆಟ್ಟಿಲಿಗೂ ಪೂರ್ತಿ ಭಾರ ಒಂದೇ ಕಾಲಿನ ಮೇಲೆ.

"ಅಲ್ಲೇ ಇರಿ!" ಎಂದರು ಆದಷ್ಟು ಸಾವಧಾನದ ದನಿಯಲ್ಲಿ. "ಕಂಬಕ್ಕೆ ಹಗ್ಗ ಸುತ್ಕೊಳಿ. ನಾನೇ ಬರ್ತೀನಿ."

ಮೇಲೆ ಗಾಳಿ ಜೋರಾಗಿತ್ತು. ಅವನಿಗೆ ಕೇಳಿಸಿದ್ದು ಎಷ್ಟೋ.

"ಏನ್ ಮೇಷ್ಟ್ರೇ, ಕಾಲು ಹೇಗಿದೆ ಅಂತ ನೋಡಕ್ ಬಂದ್ರಾ? ನೀವ್ಯಾಕೆ ಹತ್ತೋ ಕಷ್ಟ, ನಾನೇ ಬಂದೆ ಇರಿ!"

ಅವನು ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟ. ಮೇಷ್ಟ್ರು ಏಣಿ ಹತ್ತತೊಡಗಿದ್ದರು, ಎರಡೆರಡು ಮೆಟ್ಟಿಲು ಒಟ್ಟಿಗೆ. ಇಳಿಯುವಾಗ ಕೃತಕ ಕಾಲನ್ನೇ ಮೊದಲು ಕೆಳಗಿಡಬೇಕೆಂದು ಅವರು ತಮ್ಮ ಬಳಿ ಬಂದ ಎಲ್ಲರಿಗೂ ಮತ್ತೆ ಮತ್ತೆ ಅಭ್ಯಾಸ ಮಾಡಿಸಿ ಕಳಿಸುತ್ತಿದ್ದರು. ಪೇಂಟರ್ ಒಳ್ಳೆಯ ವಿದ್ಯಾರ್ಥಿ. ಕೆಳಗೆ ನೋಡದೆ, ಹೇಳಿಕೊಟ್ಟ ಹಾಗೆಯೇ, ಆ ಕಾಲನ್ನು ಮೊದಲು ಕೆಳಗಿನ ಮೆಟ್ಟಿಲಿನ ಮೇಲಿಟ್ಟು, ನಿಧಾನವಾಗಿ ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟ.