ಗುಳ್ಳೆಮನೆಯ ಇಲಿಯಮ್ಮ

ಬೆಳಕು ಹರಿಯುವಷ್ಟರಲ್ಲಿ ಇಲಿಯಮ್ಮನ ಎರಡನೇ ಸ್ನಾನ ಮುಗಿದಿರುತ್ತದೆ. ಮೊದಲನೆಯದು ಮನೆಯಲ್ಲಿ, ತಮಗಾಗಿ; ಎರಡನೆಯದು ಪ್ರಯೋಗಾಲಯದ ಬಾಗಿಲಲ್ಲಿ, ಇಲಿಗಳಿಗಾಗಿ. ಹಬೆಯಲ್ಲಿ ಬೇಯಿಸಿದ ನಿಲುವಂಗಿ ತೊಟ್ಟು, ಮೂಗು ಬಾಯಿ ಮುಚ್ಚಿಕೊಂಡು ಒಳಗೆ ಕಾಲಿಟ್ಟವರು ಮೊದಲು ಗಾಳಿಯಂತ್ರದ ಸದ್ದಿಗೆ ಕಿವಿಗೊಡುತ್ತಾರೆ. ಅದು ಗುಂಯ್‌ಗುಡುತ್ತಿದ್ದರೆ ಅವರ ಜೀವಕ್ಕೆ ನಿರಾಳ.

ಕೋಣೆಯ ಉದ್ದಕ್ಕೂ ಮಂಚದಗಲದ ಪ್ಲಾಸ್ಟಿಕ್ ಗುಳ್ಳೆಗಳು ಉಬ್ಬಿ ನಿಂತಿವೆ. ಒಂದೊಂದರಲ್ಲೂ ಪಂಜರಗಳು, ಪಂಜರಗಳಲ್ಲಿ ಬಿಳಿ ಇಲಿಗಳು. ಗುಳ್ಳೆಯ ಗೋಡೆಗೇ ಕೂಡಿಸಿದ ದಪ್ಪ ರಬ್ಬರ್ ಗವಸಿಗೆ ತೋಳು ತೂರಿಸಿ ಅವರು ನೀರಿನ ಬಾಟಲಿ ಬದಲಿಸುತ್ತಾರೆ. ರಾತ್ರಿಯೆಲ್ಲ ಜಗಳ ಆಡಿದಿರಾ ಎಂದು ಇಲಿಗಳನ್ನು ವಿಚಾರಿಸಿಕೊಳ್ಳುತ್ತಾರೆ. "ಎರಡೂ ಕೈ ಒಳಗೆ ಸಿಕ್ಕಾಕೊಂಡಾಗ್ಲೇ ನೋಡಿ, ಈ ಹಾಳು ಮೂಗು ತುರಿಸೋದು" ಎಂದು ನಗುತ್ತಾರೆ.

ಈ ಇಲಿಗಳ ಮೈಮೇಲಾಗಲಿ ಹೊಟ್ಟೆಯಲ್ಲಾಗಲಿ ಒಂದೇ ಒಂದು ಬ್ಯಾಕ್ಟೀರಿಯಾ ಇಲ್ಲ. ಹುಟ್ಟಿದ್ದೂ ಗುಳ್ಳೆಯಲ್ಲೇ, ಬೆಳೆದದ್ದೂ ಗುಳ್ಳೆಯಲ್ಲೇ. ತಿನ್ನುವ ಕಾಳು, ಹಾಸುವ ಮರದ ಹೊಟ್ಟು ಎಲ್ಲವೂ ಹಬೆಯಲ್ಲಿ ಬೆಂದೇ ಒಳಗೆ ಹೋಗಬೇಕು. ಇದೇ ಕಟ್ಟಡದಲ್ಲಿ ಗಾಜಿನ ಬಾಟಲಿ ತೊಳೆಯುತ್ತಿದ್ದ ಇಲಿಯಮ್ಮನನ್ನು ಈ ಕೆಲಸಕ್ಕೆ ತಂದದ್ದು ಅವರ ಮಡಿಹುಚ್ಚು. ಕೆಲಸ ಹಗುರದ್ದಲ್ಲ, ಸಂಜೆಗೆ ಭುಜ ಎತ್ತಲಾಗುವುದಿಲ್ಲ. ಒಮ್ಮೆ ಗವಸಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು, ಬ್ಯಾಕ್ಟೀರಿಯಾ ನುಗ್ಗಿ ಇಡೀ ಗುಳ್ಳೆಯೇ ಕೆಟ್ಟಿತು. ಅದನ್ನು ಖಾಲಿ ಮಾಡಿಸಿದ ದಿನ ಅವರು ಊಟ ಬಿಟ್ಟು ಅತ್ತಿದ್ದರು.

ಅಂದಿನಿಂದ ಮನೆಯಲ್ಲೂ ಕಟ್ಟುನಿಟ್ಟು. ಸೈಕಲ್ ರಿಪೇರಿ ಮಾಡುವ ಗಂಡ ಗ್ರೀಸಿನ ಕೈಯಲ್ಲಿ ಬಂದರೆ ಬಾಗಿಲಿಂದಲೇ ನಲ್ಲಿಗೆ ಅಟ್ಟುತ್ತಾರೆ. "ನನ್ನನ್ನೂ ಒಂದು ಗುಳ್ಳೆಗೆ ಹಾಕಿ ಗಾಳಿ ತುಂಬಿಬಿಟ್ರೆ ಇವಳಿಗೆ ನೆಮ್ಮದಿ" ಎನ್ನುವ ಆ ಮನುಷ್ಯನ ಮುಖದಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಇಂಥವರ ಬಳಿ ಕಳೆದ ತಿಂಗಳು ಈ ಇಲಿಗಳ ಮೇಲೆ ಪ್ರಯೋಗ ನಡೆಸುವ ಸಂಶೋಧಕಿ ಬಂದು ಒಂದು ಮಾತು ಹೇಳುತ್ತಾರೆ. ಕಿಟಕಿ ಪಕ್ಕದ ಗುಳ್ಳೆಯ ಇಲಿಗಳಿಗೆ ಮಾಮೂಲಿ ಇಲಿಗಳ ಹಿಕ್ಕೆ ಬೆರೆತ ಹೊಟ್ಟು ಹಾಕಬೇಕು. ಅಂದರೆ ಬೇಕೆಂದೇ ಬ್ಯಾಕ್ಟೀರಿಯಾ ಬಿಡಬೇಕು. ಇಲಿಗಳು ಹೆದರಬಾರದೆಂದರೆ ಪಳಗಿದ ಕೈಯೇ ಆಗಬೇಕು.

ಇಲಿಯಮ್ಮ ಗವಸಿನಿಂದ ತೋಳು ಎಳೆದುಕೊಳ್ಳುತ್ತಾರೆ. ಆ ಗುಳ್ಳೆಯಲ್ಲಿ ಅವರ ಮುದ್ದಿನ ಇಲಿ, ಒಂದು ಕಿವಿ ಹರಿದ ಕಿವಿಹರಕ ಇದ್ದಾನೆ. "ಇಷ್ಟು ದಿನ ಯಾರನ್ನೂ ಒಳಗೆ ಬಿಡದೇ ಇದ್ದೋಳು ನಾನು. ಈಗ ನಾನೇ ಬಾಗಿಲು ತೆಗೀಲಾ? ಅವು ಸತ್ತುಹೋದ್ರೆ?"

ಸಂಶೋಧಕಿ ಸ್ಟೂಲು ಎಳೆದುಕೊಂಡು ಕೂತು ವಿವರಿಸುತ್ತಾರೆ. ಕರುಳಿನ ಒಳಗೋಡೆಯ ಜೀವಕೋಶಗಳು ಪುಟ್ಟ ಪ್ರೋಟೀನುಗಳನ್ನು ತಯಾರಿಸಿ ಹೊರಗೆ ಬಿಡುತ್ತವೆ. ಅವು ಬ್ಯಾಕ್ಟೀರಿಯಾದ ಮೈಗೆ ತೂತು ಕೊರೆದು ಕೊಲ್ಲುತ್ತವೆ. ಹೊಟ್ಟೆಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದ್ದರೂ ಕರುಳಿನ ಗೋಡೆಗೆ ಆತುಕೊಳ್ಳದಂತೆ ದೂರ ಇಡುವುದರಲ್ಲಿ ಇವುಗಳ ಪಾಲು ದೊಡ್ಡದು. ಗುಳ್ಳೆಯ ಇಲಿಗಳಿಗೆ ಅಂಥ ಕಾಟವೇ ಇಲ್ಲ. ಹೀಗಾಗಿ ಅವುಗಳ ಕರುಳಿನಲ್ಲಿ ಈ ಪ್ರೋಟೀನುಗಳಲ್ಲೊಂದು ಹೆಸರಿಗಷ್ಟೇ ಇದೆ. ಬ್ಯಾಕ್ಟೀರಿಯಾ ಬಂದರೆ ಕೋಶಗಳು ಎಚ್ಚೆತ್ತು ಅದನ್ನು ಹೆಚ್ಚಿಸುತ್ತವೆಯೇ, ಎಷ್ಟು ಬೇಗ ಎಂಬುದೇ ಈಗಿನ ಪ್ರಶ್ನೆ.

ಅರೆಮನಸ್ಸಿನಿಂದಲೇ ಇಲಿಯಮ್ಮ ಹೊಟ್ಟು ಹಾಕುತ್ತಾರೆ. ಕಿವಿಹರಕ ಮೂಸಿ ನೋಡಿ, ಅದರ ಮೇಲೇ ಮಲಗುತ್ತಾನೆ. ಮಾರನೆಯ ದಿನ ಇಲಿಗಳು ಮೂಲೆ ಹಿಡಿದು ಮುದುಡಿವೆ, ಕಾಳು ಹಾಗೇ ಉಳಿದಿದೆ. ಇಲಿಯಮ್ಮನ ಬುತ್ತಿಯೂ ಹಾಗೇ ಮನೆಗೆ ಮರಳುತ್ತದೆ. ಆಮೇಲೊಂದು ಬೆಳಿಗ್ಗೆ ಗವಸಿಗೆ ತೋಳು ತೂರಿಸುತ್ತಿದ್ದಂತೆ ಕಿವಿಹರಕ ಓಡಿ ಬಂದು ರಬ್ಬರಿನ ಬೆರಳು ಕಚ್ಚುತ್ತಾನೆ. ಕಾಳಿನ ಬಟ್ಟಲು ಬರಿದಾಗಿದೆ.

ಹಿಕ್ಕೆಯ ಪರೀಕ್ಷೆಯ ಫಲಿತಾಂಶ ಬಂದಾಗ ಸಂಶೋಧಕಿ ಅವರನ್ನೇ ಮೊದಲು ಕರೆದು ತೋರಿಸುತ್ತಾರೆ. ಹಿಂದೆ ಇದ್ದೂ ಇಲ್ಲದಂತಿದ್ದ ಪ್ರೋಟೀನು ಈಗ ದಂಡಿಯಾಗಿದೆ. ಇಲಿಯಮ್ಮ ಕಂಪ್ಯೂಟರ್ ಪರದೆಗೆ ಬಾಗಿ ನೋಡುತ್ತಾರೆ. "ಕಾವಲು ಕಾಯೋಳು ನಾನೊಬ್ಳೇ ಅಂದ್ಕೊಂಡಿದ್ದೆ. ಇವುಗಳ ಹೊಟ್ಟೇಲೇ ಇಷ್ಟೊಂದು ಜನ ಇದ್ರಾ?"

ಇನ್ನು ಆ ಇಲಿಗಳಿಗೆ ಗುಳ್ಳೆ ಬೇಕಿಲ್ಲ. ಹೊರಗಿನ ಕೋಣೆಯ ಮಾಮೂಲಿ ಪಂಜರಕ್ಕೆ ಸಾಗಿಸುವ ದಿನ, ನಿಮಗೇನಾದರೂ ಬೇಕೇ ಎಂದು ಸಂಶೋಧಕಿ ಕೇಳುತ್ತಾರೆ. ಇಲಿಯಮ್ಮ ಸಂಕೋಚದಿಂದಲೇ ತಮ್ಮ ಆಸೆ ಹೇಳುತ್ತಾರೆ: ಒಂದೇ ಒಂದು ಸಲ, ಬರಿಗೈಯಲ್ಲಿ ಮುಟ್ಟಬೇಕು. ಒಪ್ಪಿಗೆ ಸಿಗುತ್ತದೆ. ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು ಬಂದು ಅಂಗೈ ಒಡ್ಡುತ್ತಾರೆ. ಕಿವಿಹರಕ ಏರಿ ಕೂರುತ್ತಾನೆ.

"ಅಯ್ಯೋ, ಎಷ್ಟು ಬೆಚ್ಚಗಿದಾನೆ. ಆ ರಬ್ಬರಲ್ಲಿ ನಂಗಿದು ಗೊತ್ತೇ ಆಗಿರ್ಲಿಲ್ಲ" ಎನ್ನುವಾಗ ಅವರ ಕಣ್ಣು ತುಂಬಿರುತ್ತದೆ.

ಇಲಿ ಪಂಜರ ಸೇರಿದ ಮೇಲೆ ಕೈ ತೊಳೆಯಬೇಕು, ಅದು ನಿಯಮ. ಊರನ್ನೆಲ್ಲ ನಲ್ಲಿಗೆ ಅಟ್ಟುವ ಇಲಿಯಮ್ಮ ಅಂದು ಮಾತ್ರ ಅಂಗೈ ಮುಚ್ಚಿಕೊಂಡು, ಆ ಬಿಸುಪು ಆರುವವರೆಗೆ ನಲ್ಲಿ ತಿರುಗಿಸುವುದಿಲ್ಲ.